ಹಸಿ ಗಾರೆ

ಹಳೆಯ ಗಣಿಯ ಮೇಲೆ ಕಟ್ಟಿದ ನಮ್ಮ ಕಾಲೋನಿಯಲ್ಲಿ ಕಂಬದ ದೀಪಗಳು ದಿನವೂ ಸಂಜೆ ಗೋಡೆಗಳ ಮೇಲೆ ಗೆರೆಬೆಳಕು ಚೆಲ್ಲುತ್ತವೆ. ಗೆರೆ ಬಾಗಿದರೆ ಆ ಗೋಡೆ ಕುಸಿಯುತ್ತಿದೆ ಎಂದರ್ಥ; ಕೂಡಲೇ ಮನೆ ಬಿಡಬೇಕು. ಬಿಟ್ಟವರಿಗೆ ಊರಾಚೆಯ ತಗಡಿನ ಶೆಡ್ಡೇ ಗತಿ.

ಅಂದು ಗೆರೆ ನೋಡುವ ಸರದಿ ನನ್ನದು. ಪಕ್ಕದ ಮನೆಯ ಮುನಿರತ್ನಮ್ಮನ ಗೋಡೆಯಲ್ಲಿ ಗೆರೆಗಳೆಲ್ಲವೂ ನೇರವಾಗಿದ್ದವು.

“ನೆಟ್ಟಗವೆ ಅಲ್ವೇನಕ್ಕಾ?” ಎಂದು ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಒಳಗೆ ಮೊಮ್ಮಗು ಅಳುತ್ತಿತ್ತು.

ಗೋಡೆ ಮುಟ್ಟಿದೆ. ಹಸಿ ಗಾರೆ ಬೆರಳಿಗೆ ಅಂಟಿತು; ಗೆರೆ ನೆಟ್ಟಗೆ ಕಾಣಲೆಂದು ಆಗತಾನೇ ಮೆತ್ತಿದ್ದು. ನೋಡುತ್ತಿದ್ದಂತೆಯೇ ನಡುವಿನ ಗೆರೆ ಮೆಲ್ಲಗೆ ಬಾಗಿತು. ಅವಳೂ ನೋಡಿದಳು.

“ಹುರುಳಿ ಸಾರು ಮಾಡಿದ್ದೀನಿ,” ಎಂದೆ. “ನಮ್ಮನೆ ಗೆರೆ ಇನ್ನೂ ನೆಟ್ಟಗಿದೆ. ಕೂಸನ್ನ ಎತ್ಕೊಂಡು ಈಗಲೇ ನಡಿಯಮ್ಮ.”

“ಊಟಕ್ಕೇನಕ್ಕಾ?”

“ಇರೋದಕ್ಕೆ.”