ಒಬ್ಬಾಕಿಯ ಊಟ

ರೊಟ್ಟಿ ಬಡಿಯುವುದಕ್ಕೆ ಸಂಬಳವಿಲ್ಲ. ಎರಡು ಹೊತ್ತಿನ ಊಟ, ಮಹಡಿಯ ಮೇಲೊಂದು ಕೋಣೆ. ಖಾನಾವಳಿಯ ಈರಬಸಪ್ಪ ನೀಲವ್ವನನ್ನು ಇಟ್ಟುಕೊಂಡದ್ದೇ ಈ ಮಾತಿನ ಮೇಲೆ. ಆದರೆ ವಾರದಿಂದ ಅವಳು ತನ್ನ ತಾಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೇಲೆ ಒಯ್ಯುತ್ತಿದ್ದಳು, ಬರಿಗೈಯಲ್ಲಿ ಇಳಿದು ಬರುತ್ತಿದ್ದಳು. ಯಾರನ್ನೋ ತಂದು ಇಟ್ಟುಕೊಂಡಿದ್ದಾಳೆ ಎಂದು ಅವನಿಗೆ ಖಾತ್ರಿಯಾಯಿತು.

ಇಂದು ಬೆನ್ನಿಗೇ ಮೆಟ್ಟಿಲು ಹತ್ತಿದ. ನೀಲವ್ವ ಬಾಗಿಲಿಗೆ ಅಡ್ಡ ನಿಂತಳು.

"ಒಳಗ ಯಾರನ್ನ ಇಟ್ಟೀದಿ?"

"ಯಾರರ ಇರ್ಲಿ ಬಿಡ್ರಿ. ನಾ ಕೊಟ್ಟಿದ್ದು ನನ್ನ ಪಾಲಿನ ಊಟ."

"ಊಟ ಹಾಕತೀನಿ ಅಂದಿದ್ದು ನಿನಗೊಬ್ಬಾಕಿಗೆ. ಇಬ್ಬರೂ ಗಂಟುಮೂಟಿ ಕಟ್ಟಿ ಹೊಂಡ್ರಿ!"

"ಇಬ್ಬರೂ ಹೋಗಬೇಕೇನ್ರಿ?"

"ಈಗಿಂದೀಗ!"

ನೀಲವ್ವ ಪಕ್ಕಕ್ಕೆ ಸರಿದಳು. ಅವನು ಬಾಗಿಲು ದೂಡಿದ.

ಗೋಡೆಗೊರಗಿ ಕೂತು ಬಿಸಿ ರೊಟ್ಟಿ ಮುರಿಯುತ್ತಿದ್ದವಳು, ಗಿರಾಕಿಗಳೆಲ್ಲ ಉಂಡೆದ್ದ ಮೇಲೆ ದಿನಾ ಪಾತ್ರೆಯ ತಳ ಕೆರೆದು ಉಣ್ಣುವ ಅವನ ಹೆಂಡತಿ.