ಬೀಜ ಉದುರುವ ತನಕ

“ಹಿಂದಕ್ಕ ಹೊಡಿ ಓಬಯ್ಯ. ಒಂದು ಕುರಿ ದಾಟಬೇಕಂದ್ರೂ ನನ್ನ ತುಳಕೊಂಡು ದಾಟಬೇಕು.”

ಗುಡ್ಡದ ಹುಲ್ಲುಗಾವಲಿಗೆ ಹೋಗುವ ಇಕ್ಕಟ್ಟಾದ ದಾರಿಯಲ್ಲಿ ನಾಗಕ್ಕ ಸೆರಗು ಸಿಕ್ಕಿಸಿ ನಿಂತಿದ್ದಳು. ಎದುರಿಗೆ ಮೈದುನನ ಕುರಿ ಹಿಂಡು. ಬೆನ್ನ ಹಿಂದೆ ಮೊಣಕಾಲುದ್ದ ಹುಲ್ಲು, ತೆನೆ ಇನ್ನೂ ಹಸಿರು. ಮೊದಲ ಮಳೆ ಬಿದ್ದ ಮೇಲೆ ಊರಿನ ಯಾರ ಕುರಿಯೂ ಒಳಗೆ ಹೋಗುವಂತಿಲ್ಲ. ಹುಲ್ಲು ಬೀಜ ಉದುರಿಸಿದ ಮೇಲೇ ದಾರಿ ಬಿಡುವುದು. ಈ ಸಲ ಕಾಯುವ ಪಾಳಿ ನಾಗಕ್ಕನ ಮನೆಯದು.

“ಅಣ್ಣನ ಕುರಿ ಬಂದಿದ್ರೂ ಹಿಂಗ ನಿಲ್ತಿದ್ದೇನು ಅತ್ತಿಗಿ?”

“ನಿಮ್ಮಣ್ಣನ್ನ ನಿನ್ನೆನೇ ಹಿಂದಕ್ಕ ಕಳಿಸೀನಿ. ರಾತ್ರಿ ಉಣ್ಣಾಕ ಮುದ್ದಿ ಮುಟ್ಟಲಿಲ್ಲ, ಮಾರಿ ಆ ಕಡಿ ಮಾಡಿ ಮಲಗ್ಯಾನ.”

ಓಬಯ್ಯನಿಗೆ ನಗು ಬಂತು, ತಡೆದುಕೊಂಡ. “ಇವತ್ತು ಫಾರೆಸ್ಟಿನವರು ಬೇಲಿ ಹಾಕಿ ಮುಗಿಸ್ತಾರ. ಆಮ್ಯಾಲ ನಿನ್ನ ಹುಲ್ಲು ಯಾರಿಗೆ? ಇವತ್ತಾದ್ರೂ ಒಂದು ಹೊಟ್ಟಿ ಮೇಯಲಿ ಬಿಡು.”

“ಇವತ್ತು ಮೇಯಿಸಿ ಬರೋ ವರ್ಷ ಕಲ್ಲು ಮೇಯಿಸ್ತೀಯೇನು?”

ಅವನು ಕೋಲು ನೆಲಕ್ಕೆ ಬಡಿದ, ಗೊಣಗಿದ, ಕೊನೆಗೆ ಕುರಿಗಳನ್ನು ಬೀಳು ಹೊಲದ ಕಡೆ ತಿರುಗಿಸಿದ.

ಅಷ್ಟರಲ್ಲಿ ಹಿರೇಹಾಳದ ಕಡೆಯಿಂದ ಟ್ರ್ಯಾಕ್ಟರ್ ಬಂತು. ಕಲ್ಲುಕಂಬ, ಮುಳ್ಳುತಂತಿ, ಇಬ್ಬರು ಕೂಲಿಯವರು, ಮುಂದೆ ಬೈಕಿನಲ್ಲಿ ಫಾರೆಸ್ಟ್ ಗಾರ್ಡ್. ಸುತ್ತಲಿನ ಬೇಲಿ ಆಗಲೇ ಮುಗಿದಿತ್ತು. ಉಳಿದದ್ದು ಈ ದಾರಿಯೊಂದೇ.

“ಭೇಷ್ ನಾಗಕ್ಕ, ಎಲ್ಲಾ ನೋಡಿದೆ!” ಎಂದ ಗಾರ್ಡ್. “ಇನ್ನ ನಿನಗ ಈ ಕಷ್ಟ ಬ್ಯಾಡ. ತಂತಿ ಬಿಗಿದ್ರ ಒಂದು ಕುರಿ ಒಳಗ ಹೋಗಲ್ಲ.”

“ಬೀಜ ಉದುರಿದ ಮ್ಯಾಲ ತೆಗಿತೀರಲ್ರಿ?”

“ತೆಗಿಯೋದೆಲ್ಲಿ? ಕಾಯಂ ಬಂದ್. ಗುಡ್ಡ ಕಾಪಾಡಬೇಕಂತ ಆರ್ಡರ್ ಆಗೈತಿ.”

“ಇಷ್ಟು ವರ್ಷ ಯಾರು ಕಾಪಾಡಿದ್ರು ಅಂತ ಆರ್ಡರಿನಾಗ ಬರೆದಿಲ್ಲೇನ್ರಿ?”

ಗಾರ್ಡ್ ಕೂಲಿಯವರಿಗೆ ಕೈಸನ್ನೆ ಮಾಡಿದ. ದಾರಿಯ ನಟ್ಟನಡುವೆ ಗುಣಿ ತೋಡಿ ಅವರು ಕಂಬ ತರಲು ಹೋದರು. ಕಲ್ಲು ಹೊತ್ತು ತಿರುಗಿ ಬರುವಷ್ಟರಲ್ಲಿ ನಾಗಕ್ಕ ಗುಣಿಗಿಳಿದು ನಿಂತಿದ್ದಳು. ಎರಡೂ ಕೈಯಲ್ಲಿ ಮಣ್ಣು ಬಾಚಿ ಬಾಚಿ ತನ್ನ ಕಾಲಿನ ಸುತ್ತ ತುಂಬಿಕೊಳ್ಳುತ್ತಿದ್ದಳು.

“ಮ್ಯಾಲ ಬಾ ಅಕ್ಕಾ! ಕಂಬ ನಿಲ್ಲಿಸಬೇಕು.”

“ನಿಂತೈತಲ್ಲಪ್ಪಾ,” ಎಂದು ನಾಗಕ್ಕ ಮಣ್ಣನ್ನು ಹಿಮ್ಮಡಿಯಿಂದ ತುಳಿದು ಗಟ್ಟಿ ಮಾಡಿದಳು. “ಈ ಕಂಬಕ್ಕ ದಾರಿ ಬಿಡೋದೂ ಗೊತ್ತೈತಿ.”