ಇನ್ನೂ ಆಗದ ಗಲಾಟೆ

“ಈ ರೂಮು ನನಗೆ ಬೇಡ. ದುಡ್ಡು ವಾಪಸ್ ಕೊಡಿ. ರಾತ್ರಿ ಇಲ್ಲಿ ವಿಪರೀತ ಸದ್ದಾಗುತ್ತೆ.”

ನಂಜುಂಡಪ್ಪ ಕೀಲಿಕೈಯನ್ನು ಮೇಜಿನ ಮೇಲಿಟ್ಟರು. ಲಾಡ್ಜಿನ ಮಾಲೀಕ ಬಾಲಚಂದ್ರ ಕೀಲಿಯನ್ನೂ ನೋಡಿದ, ಹೊರಗಿನ ಬಿಸಿಲನ್ನೂ ನೋಡಿದ. ಸಂಜೆ ಕೂಡ ಆಗಿರಲಿಲ್ಲ. ರೂಮಿಗೆ ಹೋಗಿ ಮುಖ ತೊಳೆಯುವಷ್ಟು ಹೊತ್ತಿನಲ್ಲೇ ಈ ಮನುಷ್ಯ ರಾತ್ರಿಯ ತಕರಾರು ಹೊತ್ತು ತಂದಿದ್ದರು.

“ಎಂತ ಮಾರಾಯ್ರೆ, ಸದ್ದು ಆಗುವ ಮೊದಲೇ ಕಂಪ್ಲೇಂಟಾ? ನಿಮ್ಮ ಮಗಳು ಬುಕ್ ಮಾಡಿದ್ದು ಆಫರಿನಲ್ಲಿ. ಕ್ಯಾನ್ಸಲ್ ಮಾಡಿದ್ರೆ ದುಡ್ಡು ವಾಪಸ್ ಇಲ್ಲ ಅಂತ ಕೆಂಪಕ್ಷರದಲ್ಲಿ ಬರೆದುಂಟು.”

“ಬರೆದಿರಬಹುದು. ಪಕ್ಕದ ರೂಮಿನ ಸದ್ದೆಲ್ಲ ಕೇಳುತ್ತೆ ಅಂತ ಬರೆದಿಲ್ಲವಲ್ಲ.”

ಬಾಲಚಂದ್ರ ಉಡುಪಿ ಕಡೆಯವನು. ಕೋಲ್ಕತ್ತಾದ ಈ ಜೋಕಾ ಮೂಲೆಗೆ ಬಂದು, ಕೆಳಗೆ ಇಡ್ಲಿ ಹೋಟೆಲು ಮೇಲೆ ಲಾಡ್ಜು ಇಟ್ಟುಕೊಂಡು, ಬಗೆಬಗೆಯ ಗಿರಾಕಿಗಳ ಕಾಟ ಉಂಡವನು. ಬಂದವರು ಕನ್ನಡದವರು ಎಂದು ತಿಳಿದು ಆಗಷ್ಟೇ ಖುಷಿಯಿಂದ ಪುಕ್ಕಟೆ ಕಾಫಿ ಬೇರೆ ಕುಡಿಸಿದ್ದ. ಆ ಕಾಫಿ ದಂಡವಾಯಿತಲ್ಲ ಎಂದು ಈಗ ಅವನಿಗೆ ಹೊಟ್ಟೆ ಉರಿಯಿತು.

ನಂಜುಂಡಪ್ಪನವರ ಸಂಕಟ ಅವರಿಗೇ ಗೊತ್ತು. ಮರುದಿನ ಬೆಳಿಗ್ಗೆ ಮಗಳು ಮೇಧಾಗೆ ಜೋಕಾದ ದೊಡ್ಡ ಮ್ಯಾನೇಜ್‌ಮೆಂಟ್ ಸಂಸ್ಥೆಯಲ್ಲಿ ಸಂದರ್ಶನ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿ ಗಿಟ್ಟಿಸಿದ ಅವಕಾಶ. ಮನೆಯೋ ಸಿಯಾಲ್ದಾದ ರೈಲ್ವೆ ಕ್ವಾರ್ಟರ್ಸಿನಲ್ಲಿ. ನಾಳೆ ಊರ ನಡುವೆ ಯಾವುದೋ ಪಕ್ಷದ ಮಿಛಿಲ್. ಮೆರವಣಿಗೆ ಹೊರಟಿತೆಂದರೆ ಬಸ್ಸೂ ಇಲ್ಲ, ಟ್ಯಾಕ್ಸಿಯೂ ಇಲ್ಲ. ಅದಕ್ಕೇ ಅಪ್ಪ ಮಗಳು ಹಿಂದಿನ ದಿನವೇ ಬಂದಿಳಿದಿದ್ದರು. ಮೇಧಾ ತಾನೇ ಫೋನಿನಲ್ಲಿ ಪಕ್ಕಪಕ್ಕದ ಎರಡು ರೂಮು ಹಿಡಿದಿದ್ದಳು. ಇವತ್ತು ರಾತ್ರಿ ಆ ಹುಡುಗಿ ಕಣ್ತುಂಬ ನಿದ್ದೆ ಮಾಡಬೇಕು. ನಂಜುಂಡಪ್ಪನವರಿಗೆ ಬೇಕಾಗಿದ್ದು ಅಷ್ಟೇ.

“ಎದುರಿನ ಛತ್ರದಲ್ಲಿ ಇವತ್ತು ಮದುವೆ ಇಲ್ಲ,” ಎಂದು ಬಾಲಚಂದ್ರ ಸಮಾಧಾನ ಶುರು ಮಾಡಿದ. “ಸರಸ್ವತಿ ಪೂಜೆಯ ಮೈಕು ಬಿಚ್ಚಿಕೊಂಡು ಹೋಗಿ ಆಯ್ತು. ಮೆಟ್ರೋ ರಾತ್ರಿ ಓಡುವುದಿಲ್ಲ.”

“ಹೊರಗಿನ ಮಾತು ಬಿಡಿ. ಆ ಎರಡು ರೂಮಿನ ಮಧ್ಯೆ ಇರೋದು ಗೋಡೆಯೇ? ತಟ್ಟಿ ನೋಡಿದೆ. ಬರೀ ಪ್ಲೈವುಡ್.”

“ಅದು ಮಗಳಿಗೆ ಗೊತ್ತುಂಟಲ್ಲ. ಬುಕ್ ಮಾಡುವ ಮೊದಲು ಫೋನ್ ಮಾಡಿ, ಗೋಡೆ ಎಂತದ್ದು, ಈಚೆಯ ಸದ್ದು ಆಚೆ ಕೇಳ್ತದಾ ಅಂತ ವಿಚಾರಿಸಿದ್ರು. ಕೇಳ್ತದೆ ಅಂತ ನಾನು ನಿಜವೇ ಹೇಳಿದ್ದೇನೆ.”

ನಂಜುಂಡಪ್ಪ ಮೆಟ್ಟಿಲ ಕಡೆ ನೋಡಿದರು. ಪಾಪ, ಮಗಳಿಗೆ ಮೊದಲೇ ಈ ಹೆದರಿಕೆ ಇತ್ತು. ಅಗ್ಗಕ್ಕೆ ಸಿಕ್ಕಿತೆಂದು ಹಲ್ಲುಕಚ್ಚಿ ಒಪ್ಪಿಕೊಂಡಿದ್ದಾಳೆ.

ಅಷ್ಟರಲ್ಲಿ ಮೇಧಾ ಮೆಟ್ಟಿಲ ಮೇಲಿಂದ ಇಣುಕಿದಳು. “ಅಪ್ಪಾ, ಏನ್ ಝಗಡಾ ಅದು? ರೂಮ್ ಫಸ್ಟ್ ಕ್ಲಾಸ್ ಇದೆ. ಚೇಂಜ್ ಗೀಂಜ್ ಬೇಡ. ನೀನು ನನ್ನ ಪಕ್ಕದಲ್ಲೇ ಇರು, ಪ್ಲೀಸ್.”

“ಏನಿಲ್ಲಮ್ಮ, ಸುಮ್ನೆ ಮಾತಾಡ್ತಿದ್ದೀವಿ. ನೀನು ಹೋಗಿ ಓದ್ಕೋ.”

ಅವಳು ಮರೆಯಾದ ಮೇಲೆ ಬಾಲಚಂದ್ರ ಕೈಚೆಲ್ಲಿ ಕೂತ. “ಮದುವೆ ಇಲ್ಲ, ಮೈಕಿಲ್ಲ. ಮಗಳ ರೂಮಿನ ಪಕ್ಕ ನಿಮ್ಮದೊಂದೇ ರೂಮು. ಮತ್ತೆ ಸದ್ದು ಮಾಡುವವರು ಯಾರು ಮಾರಾಯ್ರೆ?”

ನಂಜುಂಡಪ್ಪ ಇನ್ನೊಮ್ಮೆ ಮೆಟ್ಟಿಲ ಕಡೆ ನೋಡಿ, ದನಿ ತಗ್ಗಿಸಿದರು. “ನಾನೇ ಸ್ವಾಮಿ. ನನಗೆ ಗೊರಕೆ.”

ಅದೇನು ಅಂತಿಂಥ ಗೊರಕೆಯಲ್ಲ. ಕ್ವಾರ್ಟರ್ಸಿನ ಒಂದೇ ಕೋಣೆಯಲ್ಲಿ ಮೂವರೂ ಸಾಲಾಗಿ ಮಲಗುವವರು. ಹೆಂಡತಿ ಪಾರ್ವತಿ ಕಿವಿಗೆ ಹತ್ತಿ ತುರುಕಿಕೊಂಡೇ ಸಂಸಾರ ತೂಗಿಸಿದವಳು. ಈ ಮನುಷ್ಯನಿಗಿಂತ ಗೂಡ್ಸ್ ಗಾಡಿ ವಾಸಿ ಎಂದು ನೆಂಟರೆದುರೇ ಹೇಳುವವಳು. ಮೇಧಾ ಮಾತ್ರ ಈವರೆಗೆ ತುಟಿ ಪಿಟಕ್ಕೆಂದವಳಲ್ಲ. ಹನ್ನೆರಡನೇ ಕ್ಲಾಸಿನ ಗಣಿತ ಪರೀಕ್ಷೆಯ ಹಿಂದಿನ ರಾತ್ರಿ ಪಾರ್ವತಿ ಹಟ ಹಿಡಿದು ಗಂಡನನ್ನು ಸ್ನೇಹಿತ ಶಂಕರಲಿಂಗನ ಮನೆಗೆ ಅಟ್ಟಿದ್ದಳು. ಅಷ್ಟು ಮಾಡಿದರೂ ಹುಡುಗಿ ಬೆಳಗಿನವರೆಗೆ ಹೊರಳಾಡಿ, ಕೆಂಪು ಕಣ್ಣಲ್ಲಿ ಹೋಗಿ ಪರೀಕ್ಷೆ ಕೆಡಿಸಿಕೊಂಡು ಬಂದಳು. ಪರೀಕ್ಷೆಯ ಭಯ ಎಂದು ಎಲ್ಲರೂ ತೀರ್ಮಾನಿಸಿದರು. ಬರೀ ಭಯಕ್ಕೇ ನಿದ್ದೆಗೆಡುವ ಮಗು. ಅದರ ಮೇಲೆ ತನ್ನ ಗೊರಕೆಯೂ ಸೇರಿದರೆ ನಾಳೆ ಸಂದರ್ಶನದಲ್ಲಿ ಕೂತು ತೂಕಡಿಸುವುದೇ ಗತಿ ಎಂದು ನಂಜುಂಡಪ್ಪನವರ ಜೀವ ಹೊಡೆದುಕೊಳ್ಳುತ್ತಿತ್ತು.

ಬಾಲಚಂದ್ರನಿಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿಸಿದ ಮೇಲೆ ಮನಸ್ಸು ಕರಗಿತು. “ದುಡ್ಡು ವಾಪಸ್ ಕೊಡ್ಲಿಕ್ಕೆ ಆಗುವುದಿಲ್ಲ. ಆದ್ರೆ ತಾರಸಿಯಲ್ಲಿ, ನೀರಿನ ಟ್ಯಾಂಕಿನ ಹತ್ತಿರ ಒಂದು ಕೋಣೆ ಉಂಟು. ಅಲ್ಲಿ ನೀವು ಎಷ್ಟು ಗೊರಕೆ ಹೊಡೆದ್ರೂ ಕೇಳುವವರಿಲ್ಲ.”

“ಬದುಕಿಸಿದ್ರಿ. ಮಗಳಿಗೆ ಮಾತ್ರ ಹೇಳ್ಬೇಡಿ, ನೊಂದ್ಕೋತಾಳೆ.”

ಊಟವಾಗಿ, ಮೇಧಾ ಬಾಗಿಲು ಹಾಕಿಕೊಂಡ ಮೇಲೆ, ನಂಜುಂಡಪ್ಪ ಚಪ್ಪಲಿ ಕೈಯಲ್ಲಿ ಹಿಡಿದು ಕಳ್ಳಹೆಜ್ಜೆಯಲ್ಲಿ ತಾರಸಿ ಹತ್ತಿದರು. ಮಗಳಿಗೆ ಇಷ್ಟಾದರೂ ಮಾಡಿದೆನಲ್ಲ ಎಂದು ಅವರಿಗೆ ತುಂಬ ಸಂತೋಷವಾಗಿತ್ತು. ದಿಂಬಿಗೆ ತಲೆ ಕೊಟ್ಟದ್ದಷ್ಟೇ ಗೊತ್ತು.

ಬೆಳಿಗ್ಗೆ ಬಾಗಿಲು ತಳ್ಳಿದರೆ ಅದು ಅರ್ಧಕ್ಕೇ ನಿಂತಿತು. ಹೊಸ್ತಿಲಾಚೆ ಒಂದು ಹಾಸಿಗೆ ಅಡ್ಡವಾಗಿತ್ತು. ಅದರ ಮೇಲೆ ಮೇಧಾ ಕುತ್ತಿಗೆಯವರೆಗೆ ಹೊದ್ದು, ಲೋಕದ ಪರಿವೆಯೇ ಇಲ್ಲದೆ ಮಲಗಿದ್ದಳು. ಕೆಳಗೆ ಏನು ಅನಾಹುತವಾಯಿತೋ ಎಂದು ಗಾಬರಿಯಾಗಿ ನಂಜುಂಡಪ್ಪ ಅವಳನ್ನು ಎಬ್ಬಿಸಲು ಬಗ್ಗಿದರು. ಕಾಫಿ ಹಿಡಿದು ಮೆಟ್ಟಿಲು ಹತ್ತಿ ಬರುತ್ತಿದ್ದ ಬಾಲಚಂದ್ರ ತುಟಿಯ ಮೇಲೆ ಬೆರಳಿಟ್ಟು ತಡೆದ.

“ಎಬ್ಬಿಸಬೇಡಿ, ಇನ್ನೂ ಹೊತ್ತುಂಟು,” ಎಂದು ಪಿಸುಗುಟ್ಟಿದ. “ರಾತ್ರಿ ಕೆಳಗೆ ಬಂದು, ತನ್ನ ರೂಮಿನ ದುಡ್ಡೂ ವಾಪಸ್ ಕೊಡಿ ಅಂತ ಕೂತ್ರು ಮಾರಾಯ್ರೆ. ಹುಟ್ಟಿದಾಗಿಂದ ಅಪ್ಪನ ಗೊರಕೆ ಕೇಳದೆ ಅವರಿಗೆ ನಿದ್ದೆಯೇ ಹತ್ತುವುದಿಲ್ಲವಂತೆ.”